ಮೊದಲ ಮಳೆಗೆ ಕೆರೆಯ ಮೀನುಗಳು ಏಕೆ ಸಾಯುತ್ತವೆ, ನಿವಾಸಿಗಳು ಏನು ಮಾಡಬಹುದು?

ಪ್ರಶ್ನೆ: ಬೆಂಗಳೂರಿನ ಆಗ್ನೇಯ ಭಾಗದ ಒಂದು ಬಡಾವಣೆಯಲ್ಲಿ ನಾವಿದ್ದೇವೆ. ಬಡಾವಣೆಯ ತಗ್ಗಿನಲ್ಲಿ ಸಣ್ಣದೊಂದು ಕೆರೆಯಿದೆ. ಕಳೆದ ಎರಡು ವರ್ಷವೂ ಬೇಸಿಗೆಯ ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಸತ್ತ ಮೀನುಗಳು ದಡಕ್ಕೆ ಬಂದು ಬಿದ್ದಿದ್ದವು. ಎಲ್ಲ ಮನೆಗಳಿಗೂ ಒಳಚರಂಡಿ ಸಂಪರ್ಕವಿದೆ, ಸುತ್ತಮುತ್ತ ಕಾರ್ಖಾನೆಗಳಿಲ್ಲ. ಸಂಘದ ಹಣದಲ್ಲಿ ಕೆರೆಗೆ ಕಾರಂಜಿ ಹಾಕಿಸೋಣವೆಂದು ಕೆಲವರು, ಸೂಕ್ಷ್ಮಾಣುಗಳ ದ್ರಾವಣ ಸುರಿಯೋಣವೆಂದು ಕೆಲವರು ಹೇಳುತ್ತಿದ್ದಾರೆ. ನಾವು ಏನು ಮಾಡಿದರೆ ನಿಜವಾದ ಪ್ರಯೋಜನ?

ಉತ್ತರ: ಕಾರಂಜಿಗೆಂದು ಕೂಡಿಸಿದ ಹಣವನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳಿ. ಕೆರೆಯಲ್ಲಿ ಕಾಣುತ್ತಿರುವ ತೊಂದರೆಯ ಬಹುಭಾಗ ಕೆರೆಯಲ್ಲಿ ಹುಟ್ಟಿದ್ದಲ್ಲ, ಮೇಲಿನಿಂದ ಹರಿದು ಬಂದದ್ದು. ಮೇಲೆ ಎಂದರೆ ನಿಮ್ಮ ಬೀದಿಗಳು, ಅಂಗಳಗಳು, ತಾರಸಿಗಳು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲುಚಪ್ಪಡಿಯ ಕೆಳಗೆ ಯಾರ ಕಣ್ಣಿಗೂ ಬೀಳದೆ ಹೋಗುವ ಎರಡು ಕೊಳವೆಗಳು. ಒಂದು ಬಚ್ಚಲು, ಅಡುಗೆಮನೆ, ಶೌಚಾಲಯಗಳ ಕೊಳಚೆಯನ್ನು ಒಯ್ಯುವ ಕೊಳವೆ. ಇನ್ನೊಂದು ತಾರಸಿಯ ಮಳೆನೀರನ್ನು ಇಳಿಸುವ ಕೊಳವೆ. ಇವೆರಡೂ ಎಲ್ಲಿಗೆ ಹೋಗಿ ಸೇರುತ್ತವೆ ಎಂಬುದನ್ನು ಮನೆಮನೆಯಲ್ಲೂ ಪರೀಕ್ಷಿಸಿ ಸರಿಪಡಿಸಿಕೊಳ್ಳುವುದಕ್ಕಿಂತ ದೊಡ್ಡ ಉಪಕಾರವನ್ನು ಬೆಂಗಳೂರಿನಂಥ ಊರಿನ ನಿವಾಸಿಗಳು ತಮ್ಮ ಕೆರೆಗೆ ಮಾಡಲಾರರು ಎಂಬುದು ನನ್ನ ಖಚಿತ ಅಭಿಪ್ರಾಯ. ಗೊಬ್ಬರ, ಸಾಬೂನು, ವಾಹನದ ಎಣ್ಣೆ ಮುಂತಾದವುಗಳೂ ಮುಖ್ಯವೇ. ಆದರೆ ಅವು ಎರಡನೆಯ ಸಾಲಿನಲ್ಲಿ ನಿಲ್ಲತಕ್ಕವು.

ಮೊದಲು ಮೀನುಗಳ ವಿಷಯ. ಮಳೆ ಬಂದರೆ ಕೆರೆಗೆ ಹೊಸ ನೀರು ಬಂದು ಒಳ್ಳೆಯದಾಗಬೇಕು, ಮೀನು ಸಾಯುವುದೇಕೆ ಎಂದು ಅನೇಕರು ಕೇಳುತ್ತಾರೆ. ಏಪ್ರಿಲ್ ಹೊತ್ತಿಗೆ ಕೆರೆಯ ನೀರು ತಗ್ಗಿ, ಬಿಸಿಯೇರಿರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ, ಬೆಂಗಳೂರು 900 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಇಲ್ಲಿ ಇನ್ನೂ ಹತ್ತನೆಯ ಒಂದು ಪಾಲು ಕಡಿಮೆ. ಹಗಲಿನಲ್ಲಿ ಪಾಚಿ ಬಿಸಿಲಿನ ನೆರವಿನಿಂದ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಮೀನುಗಳ ಜೊತೆಗೆ ನಿಂತು ಅದನ್ನು ಉಸಿರಾಡುತ್ತದೆ. ಇಷ್ಟರ ಮೇಲೆ ಸಂಜೆ ಜೋರಾದ ಮಳೆ ಸುರಿದು, ನಾಲ್ಕು ತಿಂಗಳಿನಿಂದ ಬೀದಿಯ ಮೇಲೂ ಚರಂಡಿಯ ತಳದಲ್ಲೂ ಕೂಡಿದ್ದ ಕೊಳೆಯೆಲ್ಲ ಒಂದೇ ಗಂಟೆಯಲ್ಲಿ ಕೆರೆಗೆ ನುಗ್ಗಿ, ಜೊತೆಗೆ ಕೆರೆಯ ತಳದ ಕಪ್ಪು ಹೂಳನ್ನೂ ಕಲಕಿಬಿಟ್ಟರೆ, ಆ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಬೆಳಗಾಗುವುದರೊಳಗೆ ಉಳಿದಿದ್ದ ಆಮ್ಲಜನಕವನ್ನು ಮುಗಿಸುತ್ತವೆ. ಮೀನುಗಾರಿಕೆಗೆ ಯೋಗ್ಯವೆನ್ನಿಸಲು ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಇರಬಾರದೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮೀನುಗಳು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಮುಂಚಿನ ಹೊತ್ತಿನಲ್ಲಿ ಸಾಯುವುದೂ, ನೀವು ಅವನ್ನು ಬೆಳಿಗ್ಗೆ ಕಾಣುವುದೂ ಇದೇ ಕಾರಣಕ್ಕೆ. ಯಾರೋ ವಿಷ ಹಾಕಿದರೆಂಬ ಗುಮಾನಿ ಪ್ರತಿ ಬಾರಿಯೂ ಹುಟ್ಟುತ್ತದೆ; ಹೆಚ್ಚಿನ ಸಂದರ್ಭಗಳಲ್ಲಿ ಮೀನುಗಳು ಸತ್ತಿರುವುದು ಉಸಿರುಕಟ್ಟಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗಲೂ ಮಾತು ಬಂದು ನಿಂತದ್ದು ಕೊಳಚೆ ಮತ್ತು ಆಮ್ಲಜನಕದ ಕೊರತೆಯ ಬಳಿಯೇ.

ಈ ಊರಿನ ನೆಲದ ಸ್ವಭಾವವನ್ನೂ ಸ್ವಲ್ಪ ನೆನಪಿಸಿಕೊಳ್ಳಬೇಕು. ಬೆಂಗಳೂರು ಕೂತಿರುವುದು ಏಣಿನ ಮೇಲೆ, ಅಂದರೆ ನೀರು ಬೇರೆ ಬೇರೆ ದಿಕ್ಕಿಗೆ ಇಳಿದು ಹೋಗುವ ಎತ್ತರದ ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಹರಿದು ಹೋಗುತ್ತದೆ. ವೃಷಭಾವತಿ ಅರ್ಕಾವತಿಯನ್ನು ಸೇರಿ ಸಂಗಮದಲ್ಲಿ ಕಾವೇರಿಗೆ ಇಳಿಯುತ್ತದೆ. ಉಳಿದೆರಡು ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರಿ ಹೊಸೂರಿನ ಕಡೆಯ ಹೊಲಗಳಿಗೆ ಹೋಗುತ್ತದೆ. ನಮ್ಮ ಹಿರಿಯರು ಈ ಕಣಿವೆಗಳ ಉದ್ದಕ್ಕೂ ಸರಣಿಯಾಗಿ ಕೆರೆ ಕಟ್ಟಿ, ಒಂದರ ಕೋಡಿ ಬಿದ್ದ ನೀರು ಇನ್ನೊಂದಕ್ಕೆ ಹೋಗುವಂತೆ ರಾಜಕಾಲುವೆಗಳನ್ನು ತೆಗೆದರು. ಎಂಟುನೂರು ಕಿಲೋಮೀಟರಿಗೂ ಮಿಕ್ಕಿ ಉದ್ದದ ಆ ಜಾಲವೇ ಇಂದಿಗೂ ನಗರದ ಮಳೆನೀರು ಚರಂಡಿ. ಅದರ ನೀರಿಗೆ ದಾರಿಯಲ್ಲಿ ಯಾವ ಸಂಸ್ಕರಣಾ ಘಟಕವೂ ಇಲ್ಲ ಎಂಬುದನ್ನು ಬಹಳ ಜನ ಅರಿತಿಲ್ಲ. ಒಳಚರಂಡಿಗೆ ಬಿದ್ದದ್ದು ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ, ಹೋಗಬೇಕು. ಬೀದಿಯ ಮೋರಿಗೆ ಬಿದ್ದದ್ದು ನೇರವಾಗಿ ಕೆರೆಗೆ. ಆದ್ದರಿಂದ ನಿಮ್ಮ ಮನೆಯ ಮುಂದಿನ ಮೋರಿಯನ್ನು ಕೆರೆಯ ದಡವೆಂದೇ ಎಣಿಸಬೇಕು.

ಇನ್ನು ಆ ಎರಡು ಕೊಳವೆಗಳಿಗೆ ಬರುತ್ತೇನೆ. "ಎಲ್ಲ ಮನೆಗಳಿಗೂ ಒಳಚರಂಡಿ ಸಂಪರ್ಕವಿದೆ" ಎಂದು ನೀವು ಬರೆದಿದ್ದೀರಿ. ಶೌಚಾಲಯದ ಸಂಪರ್ಕ ಇರಬಹುದು. ಆದರೆ ಆಮೇಲೆ ಕಟ್ಟಿದ ಎರಡನೆಯ ಮಹಡಿಯ ಬಚ್ಚಲು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು, ಬಾಲ್ಕನಿಗೆ ತಂದಿಟ್ಟ ವಾಷಿಂಗ್ ಮಷೀನ್, ಬಾಡಿಗೆಗೆ ಕೊಟ್ಟ ಔಟ್‌ಹೌಸಿನ ಸಿಂಕು – ಇವು ಎಲ್ಲಿಗೆ ಹೋಗುತ್ತವೆ? ಕೊಳಾಯಿ ಕೆಲಸದವರು ಹತ್ತಿರ ಸಿಕ್ಕ ಕೊಳವೆಗೆ ಜೋಡಿಸಿ ಹೋಗಿರುತ್ತಾರೆ. ಬಾಲ್ಕನಿಯಲ್ಲಿ ಹತ್ತಿರ ಸಿಗುವುದು ತಾರಸಿಯ ಮಳೆನೀರಿನ ಕೊಳವೆ. ನಾನು ನೋಡಿದ ಮನೆಗಳಲ್ಲಿ ಮಾಲೀಕರಿಗೆ ಗೊತ್ತಿದ್ದು ಮಾಡಿದ ಅಡ್ಡದಾರಿಗಿಂತ ಗೊತ್ತಿಲ್ಲದೆ ಆದ ಇಂಥ ಜೋಡಣೆಗಳೇ ಹೆಚ್ಚು.

ಇದರ ಗಾತ್ರ ಎಷ್ಟೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಯೋಜನೆಗಳಲ್ಲಿ ಹಿಡಿಯುವ ಪ್ರಮಾಣ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ. ನಾಲ್ಕು ಜನರ ಮನೆಯೊಂದರಿಂದ ದಿನಕ್ಕೆ ಸುಮಾರು 430 ಲೀಟರ್, ವರ್ಷಕ್ಕೆ ಒಂದೂವರೆ ಲಕ್ಷ ಲೀಟರಿಗಿಂತ ಹೆಚ್ಚು. ಅದೇ ಮನೆಯ 30×40 ಅಡಿ ನಿವೇಶನದ ಮೇಲೆ, ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್ ಎಂದು ಹಿಡಿದರೆ, ವರ್ಷವಿಡೀ ಬೀಳುವ ಮಳೆ ಒಂದು ಲಕ್ಷ ಎಂಟು ಸಾವಿರ ಲೀಟರ್. ಅಂದರೆ ತಪ್ಪು ಸಂಪರ್ಕವಿರುವ ಒಂದು ಮನೆ ಮಳೆನೀರು ಚರಂಡಿಗೆ ಕೊಡುವ ಕೊಳಚೆ, ಅದರ ನಿವೇಶನದ ಮೇಲೆ ಸುರಿಯುವ ಇಡೀ ವರ್ಷದ ಮಳೆಗಿಂತ ಹೆಚ್ಚು. ಅಂಥ ಮನೆಯವರು ಎಷ್ಟೇ ಎಚ್ಚರದಿಂದ ಸಾವಯವ ಗೊಬ್ಬರ ಬಳಸಿದರೂ ಕೆರೆಗೆ ಆಗುವ ಲಾಭ ಅಲ್ಪ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ವ್ಯಾಪಕ, ಮತ್ತು ಅದನ್ನು ತಪ್ಪೆಂದು ತಿಳಿದವರೇ ವಿರಳ: ತಾರಸಿಯ ಮಳೆನೀರನ್ನು ಒಳಚರಂಡಿಯ ಚೇಂಬರಿಗೆ ಬಿಡುವುದು. ಅಂಗಳದಲ್ಲಿ ನೀರು ನಿಲ್ಲುತ್ತದೆಂದು ಚೇಂಬರಿನ ಮುಚ್ಚಳ ಸರಿಸಿ ಮಳೆನೀರನ್ನು ಅದರೊಳಕ್ಕೆ ತಳ್ಳುವುದೂ ಇದೇ ಜಾತಿಯದು. ಗಂಟೆಗೆ 50 ಮಿಲಿಮೀಟರ್ ಮಳೆ ನಮ್ಮ ಊರಿಗೆ ಅಪರೂಪವಲ್ಲ. ಅಂಥ ಒಂದು ಗಂಟೆಯಲ್ಲಿ 30×40 ನಿವೇಶನದಿಂದ ಇಳಿಯುವ ನೀರು ಐದೂವರೆ ಸಾವಿರ ಲೀಟರ್. ಹದಿಮೂರು ಮನೆಗಳು ಇಡೀ ದಿನದಲ್ಲಿ ಬಿಡುವಷ್ಟು ಕೊಳಚೆಯ ಪ್ರಮಾಣವನ್ನು ಒಂದೇ ಮನೆ ಒಂದೇ ಗಂಟೆಯಲ್ಲಿ ಒಳಚರಂಡಿಗೆ ತುಂಬುತ್ತದೆ. ಆ ಕೊಳವೆಯನ್ನು ಹಾಕಿದವರು ಮಳೆಗೆಂದು ಲೆಕ್ಕಹಾಕಿ ಹಾಕಿಲ್ಲ. ಮ್ಯಾನ್‌ಹೋಲ್ ಉಕ್ಕುತ್ತದೆ, ಉಕ್ಕಿದ್ದು ರಸ್ತೆಗೆ, ರಸ್ತೆಯದು ಮೋರಿಗೆ, ಮೋರಿಯದು ಕೆರೆಗೆ. ಮಳೆ ಬಂದ ರಾತ್ರಿ ತಗ್ಗಿನ ಬೀದಿಗಳಲ್ಲಿ ಕಪ್ಪು ನೀರು ಚಿಮ್ಮುವುದನ್ನು ನೋಡಿ ಜಲಮಂಡಳಿಯನ್ನು ಬೈಯುವವರಲ್ಲಿ ಎಷ್ಟೋ ಜನರ ತಾರಸಿಯ ಕೊಳವೆ ಅದೇ ಮ್ಯಾನ್‌ಹೋಲಿನ ಮೇಲಿನ ಸಾಲಿಗೆ ಸೇರಿರುತ್ತದೆ. ಬೈಗುಳಕ್ಕೆ ಬೇರೆ ಕಾರಣಗಳು ಇರುವುದಿಲ್ಲವೆಂದಲ್ಲ. ಆದರೆ ಜಲಮಂಡಳಿ ಈ ಸಂಪರ್ಕವನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಪರೀಕ್ಷೆ ಕಷ್ಟವಲ್ಲ. ಅಡುಗೆಗೆ ಬಳಸುವ ಕೆಂಪು ಬಣ್ಣವನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ, ಮಳೆಯಿಲ್ಲದ ದಿನ ಒಂದೊಂದಾಗಿ ಬಚ್ಚಲು, ಸಿಂಕು, ವಾಷಿಂಗ್ ಮಷೀನಿನ ಕೊಳವೆಗಳಿಗೆ ಸುರಿಯಿರಿ. ಒಬ್ಬರು ಮನೆಯೆದುರಿನ ಮೋರಿಯ ಬಳಿ, ಒಬ್ಬರು ನಿಮ್ಮ ಆವರಣದೊಳಗಿನ ಚೇಂಬರಿನ ಬಳಿ ನಿಂತು ಬಣ್ಣ ಎಲ್ಲಿ ಕಾಣಿಸುತ್ತದೆಂದು ನೋಡಲಿ. ಬಳಿಕ ಬಣ್ಣವಿಲ್ಲದ ಸಾದಾ ನೀರನ್ನು ತಾರಸಿಯ ಕೊಳವೆಗೆ ಬಿಟ್ಟು ಅದು ಚೇಂಬರಿಗೆ ಬರುತ್ತದೆಯೇ ನೋಡಿ. ಬಂದರೆ ತಪ್ಪು ಅಲ್ಲಿದೆ. ಮನೆಯೊಂದಕ್ಕೆ ಅರ್ಧ ಗಂಟೆ ಸಾಕು. ಸರಿಪಡಿಸಲು ಬಹಳಷ್ಟು ಸಲ ಕೆಲವು ಅಡಿ ಪಿವಿಸಿ ಕೊಳವೆ, ಎರಡು ಬೆಂಡು, ಒಂದು ದಿನದ ಕೂಲಿ ಬೇಕಾಗುತ್ತದೆ, ಅಷ್ಟೆ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು: ಚೇಂಬರನ್ನು ಮೇಲಿನಿಂದ ನೋಡಬೇಕೇ ಹೊರತು ಬಗ್ಗಿ ತಲೆ ಒಳಗಿಡಬಾರದು, ಬೀದಿಯ ಮ್ಯಾನ್‌ಹೋಲನ್ನು ತೆರೆಯಲೇಬಾರದು. ರಕ್ಷಣಾ ಸಾಧನಗಳಿಲ್ಲದೆ ಅದರೊಳಗೆ ಯಾರನ್ನಾದರೂ ಇಳಿಸಿ ಸ್ವಚ್ಛಗೊಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಒಳಗಿನ ಅನಿಲದಿಂದ ಒಂದೆರಡು ನಿಮಿಷದಲ್ಲಿ ಪ್ರಾಣ ಹೋಗಬಹುದು.

ಮನೆಗಳ ಪರೀಕ್ಷೆಯ ಜೊತೆಗೆ ಮೋರಿಯ ಪರೀಕ್ಷೆಯೂ ಆಗಬೇಕು. ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ, ಹತ್ತು ದಿನ ಮಳೆಯಿಲ್ಲದ ಹೊತ್ತು ನೋಡಿಕೊಂಡು, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕೆರೆಯ ಒಳಹರಿವಿನ ಬಾಯಿಂದ ಹೊರಟು ಮೇಲ್ಮುಖವಾಗಿ ನಡೆಯಿರಿ. ಆ ಹೊತ್ತಿನಲ್ಲಿ ಮಳೆನೀರು ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆಯದಲ್ಲ. ಜನ ಸ್ನಾನ ಮಾಡುವ, ಬಟ್ಟೆ ಒಗೆಯುವ ಗಳಿಗೆಯಾದ್ದರಿಂದ ಹರಿವು ಎದ್ದು ಕಾಣುತ್ತದೆ. ಪ್ರತಿ ಕವಲಿನಲ್ಲೂ ಎಡದಿಂದ ಬರುತ್ತಿದೆಯೇ ಬಲದಿಂದಲೇ ಎಂದು ಗುರುತಿಸುತ್ತ ಹೋದರೆ, ಎಂಟು ಹತ್ತು ಬೀದಿಗಳ ಬಡಾವಣೆಯಲ್ಲಿ ಹರಿವಿನ ಮೂಲ ಮೂರೋ ನಾಲ್ಕೋ ಜಾಗಕ್ಕೆ ಬಂದು ನಿಲ್ಲುತ್ತದೆ. ನಾನು ಭಾಗಿಯಾಗಿದ್ದ ಇಂಥ ಒಂದು ನಡಿಗೆಯಲ್ಲಿ ಎಲ್ಲರೂ ಸಂಶಯಪಟ್ಟಿದ್ದು ಮೂಲೆಯ ಹೋಟೆಲನ್ನು. ನೊರೆನೀರು ಬರುತ್ತಿದ್ದದ್ದು ನಡಿಗೆಯನ್ನು ಏರ್ಪಡಿಸಿದ್ದ ಸಂಘದ ಪದಾಧಿಕಾರಿಯೊಬ್ಬರ ಬಾಡಿಗೆ ಮನೆಗಳಿಂದ. ಹೆಸರು ಹಿಡಿದು ಹೀಯಾಳಿಸದೆ, ನಕ್ಷೆಯಲ್ಲಿ ಚುಕ್ಕಿಯಿಟ್ಟು, ತಿಂಗಳ ಗಡುವು ಕೊಡುವ ಕ್ರಮವನ್ನು ಮೊದಲೇ ಒಪ್ಪಿಕೊಂಡಿದ್ದರಿಂದ ಜಗಳವಾಗಲಿಲ್ಲ. ನೀವೂ ಹಾಗೆಯೇ ಮಾಡುವುದು ಒಳ್ಳೆಯದು.

ನಿಮ್ಮ ಮೇಲಿನ ಬಡಾವಣೆಗೆ ಇನ್ನೂ ಒಳಚರಂಡಿ ಬಂದಿಲ್ಲದೆ ಸೆಪ್ಟಿಕ್ ಟ್ಯಾಂಕುಗಳೇ ಇರಬಹುದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಭಾಗದಲ್ಲಿ ಇದು ಸಾಮಾನ್ಯವಾಗಿತ್ತು. ಆಗ ನೋಡಬೇಕಾದದ್ದು ಟ್ಯಾಂಕಿನ ಮೇಲ್ನೀರು ಇಂಗುಗುಂಡಿಗೆ ಹೋಗುತ್ತದೆಯೇ ಮೋರಿಗೆ ಹೋಗುತ್ತದೆಯೇ ಎಂಬುದನ್ನು, ಮತ್ತು ಟ್ಯಾಂಕ್ ಬರಿದು ಮಾಡುವ ಲಾರಿ ತನ್ನ ಹೊರೆಯನ್ನು ಎಲ್ಲಿ ಇಳಿಸುತ್ತದೆಂಬುದನ್ನು. ಕತ್ತಲಾದ ಮೇಲೆ ರಾಜಕಾಲುವೆಯ ಸೇತುವೆ ಮೇಲೆ ನಿಲ್ಲುವ ಒಂದು ಲಾರಿ ನೂರು ಮನೆಗಳ ಎಚ್ಚರವನ್ನು ಹಾಳುಮಾಡಬಲ್ಲದು. ವಸತಿ ಸಮುಚ್ಚಯಗಳಲ್ಲಿ ಸ್ವಂತ ಸಂಸ್ಕರಣಾ ಘಟಕವಿದ್ದರೆ ನಿವಾಸಿಗಳು ಕೇಳಬೇಕಾದ ಪ್ರಶ್ನೆ ಒಂದೇ: ವಿದ್ಯುತ್ ಉಳಿಸಲೆಂದು ಗಾಳಿಯೂದುವ ಯಂತ್ರವನ್ನು ರಾತ್ರಿ ನಿಲ್ಲಿಸುತ್ತಿದ್ದಾರೆಯೇ? ನಿಲ್ಲಿಸಿದರೆ ಆ ಘಟಕ ಇದ್ದೂ ಇಲ್ಲದಂತೆ.

ಈಗ ಎರಡನೆಯ ಸಾಲಿನ ಸಂಗತಿಗಳು. ಇವುಗಳಲ್ಲಿ ರಂಜಕಕ್ಕೆ (ಫಾಸ್ಫರಸ್) ಮೊದಲ ಸ್ಥಾನ, ಏಕೆಂದರೆ ನಮ್ಮ ಕೆರೆಗಳಲ್ಲಿ ಪಾಚಿಯೂ ಜಲಕಳೆಯೂ ಹೀಗೆ ಕೊಬ್ಬಿ ಬೆಳೆಯಲು ಅದೇ ಮುಖ್ಯ ಆಹಾರ. ಪಾಚಿಯ ದೇಹದಲ್ಲಿ ರಂಜಕದ ಪಾಲು ಬಹಳ ಸಣ್ಣದಾದ್ದರಿಂದ, ಒಂದು ಗ್ರಾಂ ರಂಜಕ ಸಿಕ್ಕರೆ ಒಣತೂಕದಲ್ಲಿ ನೂರು ಗ್ರಾಂಗಿಂತ ಹೆಚ್ಚು ಪಾಚಿ ಬೆಳೆಯಬಲ್ಲದು. ಕುಂಡಗಳಿಗೆಂದು ಅಂಗಡಿಯಿಂದ ತರುವ ಡಿಎಪಿ ಗೊಬ್ಬರದ ತೂಕದಲ್ಲಿ ಐದರಲ್ಲೊಂದು ಪಾಲು ರಂಜಕವೇ. ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ ಡಿಎಪಿ ಮಳೆಗೆ ಕೊಚ್ಚಿಹೋದರೆ, ಒಣತೂಕದ ಲೆಕ್ಕದಲ್ಲಿ ಒಂದು ಕಿಲೋಗೂ ಹೆಚ್ಚು ಪಾಚಿಗೆ ಕಾಳು ಹಾಕಿದಂತೆ. ಬೆಂಗಳೂರಿನ ಹೂಕುಂಡಗಳಿಗೆ ಕಾಂಪೋಸ್ಟ್ ಸಾಕು. ರಾಸಾಯನಿಕ ಗೊಬ್ಬರ ಬೇಕೇ ಬೇಕೆನ್ನುವವರು ಮೋಡ ಕವಿದ ದಿನ ಅದನ್ನು ಮುಟ್ಟದಿರಲಿ. ಬಟ್ಟೆಯ ಪುಡಿಯನ್ನು ಕೊಳ್ಳುವಾಗ ಫಾಸ್ಫೇಟ್ ಇಲ್ಲದ್ದನ್ನು ಆರಿಸಿಕೊಳ್ಳಿ. ನಿಮ್ಮ ಕೊಳಚೆ ಸಂಸ್ಕರಣಾ ಘಟಕಕ್ಕೆ ಹೋದರೂ ಇದು ಅಗತ್ಯ, ಏಕೆಂದರೆ ಸಾಮಾನ್ಯ ಘಟಕಗಳು ಸಾವಯವ ಕೊಳೆಯನ್ನು ಚೆನ್ನಾಗಿ ತೆಗೆಯುತ್ತವೆ, ರಂಜಕವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಬೆಳ್ಳಂದೂರು ಕೆರೆಯ ನೊರೆ 2015ರ ಮೇ ತಿಂಗಳಲ್ಲಿ ಹೊತ್ತಿ ಉರಿದದ್ದೂ, 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಆ ಕೆರೆಯಂಗಳದಲ್ಲಿ ಬೆಂಕಿ ಎದ್ದದ್ದೂ ನಿಮಗೆ ನೆನಪಿರಬಹುದು. ಆ ನೊರೆಯ ಮೂಲ ನಾವೆಲ್ಲ ದಿನನಿತ್ಯ ಬಳಸುವ ಸಾಬೂನು, ಮಾರ್ಜಕಗಳು. ಅವು ತಳದ ಹೂಳಿಗೆ ಅಂಟಿಕೊಂಡು ಕೂಡಿ, ಮಳೆ ಬಂದು ಕಲಕಿದಾಗ ಮೇಲೆದ್ದು ಕೋಡಿಯ ಬಳಿ ನೊರೆಯಾಗುತ್ತವೆ.

ಹಾಗಾದರೆ ಅಂಟುವಾಳದ ಕಾಯಿಯಿಂದ ಒಗೆಯೋಣವೇ ಎಂದು ಕೇಳುವವರಿದ್ದಾರೆ. ಒಳಚರಂಡಿಗೆ ಹೋಗುವುದಾದರೆ ಅಡ್ಡಿಯಿಲ್ಲ. ಆದರೆ ನೈಸರ್ಗಿಕವಾದದ್ದೆಂದು ಆ ನೀರನ್ನು ಮೋರಿಗೆ ಚೆಲ್ಲಬೇಡಿ: ಅಂಟುವಾಳದ ನೊರೆಯಲ್ಲಿರುವ ಸಾಪೋನಿನ್ ಮೀನಿನ ಕಿವಿರುಗಳಿಗೆ ವಿಷ, ಹಿಂದಿನವರು ಮಡುಗಳಲ್ಲಿ ಮೀನು ಹಿಡಿಯಲು ಇಂಥ ಕಾಯಿಗಳನ್ನೇ ಜಜ್ಜಿ ಹಾಕುತ್ತಿದ್ದರು.

ಎಲೆಯ ವಿಷಯ ಬಹಳ ಜನರಿಗೆ ಅನಿರೀಕ್ಷಿತ. ಹೊಂಗೆ, ಮಳೆಮರ, ಜಕರಂಡಾಗಳ ಎಲೆ ಮತ್ತು ಹೂ ಬೀದಿಯಲ್ಲಿ ಬಿದ್ದಿರುವುದು ಚೆಂದವೇ. ಮೋರಿಯೊಳಗೆ ಕೊಳೆತರೆ ಅದೇ ಆಮ್ಲಜನಕವನ್ನು ತಿನ್ನುವ ಕೊಳೆ, ರಂಜಕದ ಮೂಲ. ಬೀದಿ ಗುಡಿಸುವಾಗ ಎಲೆಯನ್ನೂ ಮಣ್ಣನ್ನೂ ಮೋರಿಯ ಕಿಂಡಿಗೆ ತಳ್ಳುವ ಅಭ್ಯಾಸ ಮನೆಯವರಲ್ಲೂ ಇದೆ, ಕೆಲಸದವರಲ್ಲೂ ಇದೆ. ಪೌರಕಾರ್ಮಿಕರನ್ನು ಗದರುವ ಬದಲು ಬೀದಿಗೆರಡು ತಂತಿಬಲೆಯ ಎಲೆಗೊಬ್ಬರದ ತೊಟ್ಟಿಗಳನ್ನು ನಿಲ್ಲಿಸಿದರೆ ಅವರಿಗೂ ಹೊರುವ ಕಷ್ಟ ತಪ್ಪುತ್ತದೆ. ಎಲೆಗೆ ಬೆಂಕಿ ಹಚ್ಚುವುದು ಪರಿಹಾರವಲ್ಲ. ಬೂದಿಯಲ್ಲಿ ಉಳಿದ ರಂಜಕ ಮೊದಲ ಮಳೆಗೆ ಇನ್ನೂ ಬೇಗ ಕರಗಿ ಹೋಗುತ್ತದೆ. ನಾಯಿಯ ಮಲವನ್ನು ಕಾಗದದಲ್ಲಿ ಎತ್ತಿ ಮನೆಯ ಶೌಚಾಲಯಕ್ಕೆ ಹಾಕಿ, ಕಾಗದವನ್ನು ಕಸಕ್ಕೆ ಕೊಡಿ.

ವಾಹನ ತೊಳೆಯುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಬರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಕಾರು ಹೊಳೆಯುತ್ತದೆಂದು ಊರಿಗೇ ಗೊತ್ತಾಯಿತು. ಹಳೆಯ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಗ್ಯಾರೇಜಿಗೇ ಹಿಂತಿರುಗಿಸಬೇಕು. ಕರಿದ ಎಣ್ಣೆಯನ್ನು ಮೋರಿಗೂ ಸುರಿಯಬಾರದು, ಸಿಂಕಿಗೂ ಸುರಿಯಬಾರದು, ಏಕೆಂದರೆ ಒಳಚರಂಡಿಯೊಳಗೆ ಅದು ಗಟ್ಟಿಯಾಗಿ ಕಟ್ಟಿಕೊಂಡರೆ ಮ್ಯಾನ್‌ಹೋಲ್ ಉಕ್ಕಿ ಕೊನೆಗೆ ಕೆರೆಗೇ ಬರುತ್ತದೆ.

ಕಟ್ಟಡ ಕಾಮಗಾರಿಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಹೊಸ ಬಡಾವಣೆಗಳಲ್ಲಿ ಕೆರೆಗೆ ಹೋಗುವ ಹೂಳಿನ ದೊಡ್ಡ ಪಾಲು ಅಲ್ಲಿಂದಲೇ. ರಸ್ತೆಯಂಚಿನಲ್ಲಿ ಸುರಿದ ಎಂ-ಸ್ಯಾಂಡ್ ರಾಶಿಗೆ ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿ, ಸುತ್ತಲೂ ಒಂದು ಸಾಲು ಇಟ್ಟಿಗೆಯೋ ಮರಳಿನ ಚೀಲವೋ ಇಟ್ಟರೆ ರಾಶಿ ಮೋರಿಗೆ ಹೋಗುವುದಿಲ್ಲ. ಮಾಲೀಕನಿಗೂ ಮರಳು ಉಳಿಯುತ್ತದೆ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು, ಗ್ರಾನೈಟ್ ಕತ್ತರಿಸಿದ ಕೆಸರು ಇನ್ನೂ ಕೆಟ್ಟವು. ಸಿಮೆಂಟಿನ ನೀರಿನ ಪಿಎಚ್ 12ರ ಮೇಲಿರುತ್ತದೆ, ಚರ್ಮ ಸುಡುವಷ್ಟು ಕ್ಷಾರ. ಅದನ್ನು ನಿವೇಶನದೊಳಗೇ ಒಂದು ಗುಂಡಿಯಲ್ಲಿ ನಿಲ್ಲಿಸಿ ಗಟ್ಟಿಯಾದ ಮೇಲೆ ಕಟ್ಟಡ ತ್ಯಾಜ್ಯದ ಜೊತೆ ಕಳಿಸಬೇಕು. ಕೊಳವೆಬಾವಿ ಕೊರೆಯುವ ಲಾರಿ ಬಂದ ದಿನ ಬೀದಿಯುದ್ದಕ್ಕೂ ಬೂದುಬಣ್ಣದ ರಾಡಿ ಹರಿದು ಮೋರಿ ಸೇರುವುದನ್ನು ನೀವು ನೋಡಿಯೇ ಇರುತ್ತೀರಿ. ಆ ಕಲ್ಲುಪುಡಿ ಕೆರೆಯ ತಳದಲ್ಲಿ ಪದರವಾಗಿ ಕೂರುತ್ತದೆ. ಕೊರೆಯುವ ಮುನ್ನ ಪಕ್ಕದಲ್ಲಿ ಎರಡು ತಗ್ಗು ತೋಡಿ ರಾಡಿಯನ್ನು ತಂಗಿಸಿ, ತಿಳಿಯಾದದ್ದನ್ನು ಮಾತ್ರ ಹೊರಬಿಡುವಂತೆ ಕೊರೆಯುವವರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ಸಂಘವು ತನ್ನ ಬಡಾವಣೆಯಲ್ಲಿ ಮನೆ ಕಟ್ಟುವವರಿಗೆ ಕೊಡುವ ಸೂಚನೆಗಳಲ್ಲಿ ಈ ಮೂರನ್ನೂ ಸೇರಿಸಬೇಕೆಂದು ಸಲಹೆ ಮಾಡುತ್ತೇನೆ.

ಇಷ್ಟೆಲ್ಲ ಹೇಳಿದ್ದು ನೀರಿಗೆ ಕೊಳೆ ಸೇರದಿರುವ ಬಗ್ಗೆ. ಬೀದಿಯ ಮೇಲೆ ಹರಿಯುವ ನೀರನ್ನೇ ಕಡಿಮೆ ಮಾಡುವುದು ಇನ್ನೊಂದು ದಾರಿ, ಏಕೆಂದರೆ ಕೊಳೆಯನ್ನು ಹೊತ್ತೊಯ್ಯುವುದು ಆ ಹರಿವು. ತಾರಸಿಯ ನೀರು ಸಂಪಿಗೋ ಇಂಗುಬಾವಿಗೋ ಹೋದರೆ ಬೀದಿಯನ್ನು ತೊಳೆದುಕೊಂಡು ಹೋಗುವ ಶಕ್ತಿ ಆ ಮಟ್ಟಿಗೆ ತಗ್ಗುತ್ತದೆ. 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ 60×40ರ ಹಳೆಯ ನಿವೇಶನಗಳಿಗೂ 30×40ರ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಹಲವು ಮನೆಗಳಲ್ಲಿ ಅದು ತಪಾಸಣೆಗೆಂದು ಹಾಕಿಸಿದ ನೀಲಿ ಡ್ರಮ್ಮಾಗಿ ಉಳಿದಿದೆ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿ ನಮ್ಮ ಕೆಂಪುಮಣ್ಣಿಗೆ ಚೆನ್ನಾಗಿ ಒಪ್ಪುತ್ತದೆ. ಅದನ್ನು ತೋಡಿ, ಕಾಂಕ್ರೀಟ್ ಬಳೆ ಇಳಿಸಬಲ್ಲ ಮಣ್ಣುವಡ್ಡರ ಕುಟುಂಬಗಳು ಇಂದಿಗೂ ಈ ಊರಿನ ಸುತ್ತ ಇವೆ, ನೆಲದ ಗುಣ ಅವರಿಗೆ ಎಂಜಿನಿಯರುಗಳಿಗಿಂತ ಚೆನ್ನಾಗಿ ಗೊತ್ತು. ಜಯನಗರ 5ನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆನೀರು ಸಂಗ್ರಹ ಉದ್ಯಾನದಲ್ಲಿ ಮಾದರಿಗಳನ್ನು ಕಣ್ಣಾರೆ ನೋಡಬಹುದು. ಇಂಗಿಸುವ ನೀರು ತಾರಸಿಯದೇ ಆಗಿರಬೇಕು, ಮೊದಲ ಮಳೆಯ ಒಂದೆರಡು ಮಿಲಿಮೀಟರಿನ ನೀರನ್ನು ಗಿಡಗಳ ಬುಡಕ್ಕೆ ಬಿಟ್ಟು ಅನಂತರದ್ದನ್ನು ಒಳಗೆ ಬಿಡಬೇಕು. ರಸ್ತೆಯ ನೀರನ್ನು ನೇರವಾಗಿ ಕೊಳವೆಬಾವಿಗೆ ಇಳಿಸುವುದು ಮಾತ್ರ ಎಂದಿಗೂ ಕೂಡದು. ಕೆರೆಯನ್ನು ಉಳಿಸಲು ಹೋಗಿ ಅಂತರ್ಜಲವನ್ನು ಕೆಡಿಸಿದಂತಾಗುತ್ತದೆ. ಅಂಗಳಕ್ಕೆಲ್ಲ ಟೈಲ್ಸ್ ಹಾಸಿದವರು ಕಾರಿನ ಎರಡು ಚಕ್ರದ ಪಟ್ಟಿಗಳನ್ನು ಉಳಿಸಿಕೊಂಡು ನಡುವಿನದನ್ನು ಕಿತ್ತು ಹುಲ್ಲೋ ಜಲ್ಲಿಯೋ ಹಾಕಿದರೂ ಆಗುವ ವ್ಯತ್ಯಾಸ ಸಣ್ಣದಲ್ಲ. ಈ ಲೆಕ್ಕಗಳು ಬೆಂಗಳೂರಿನ ಮಳೆಗೆ ಸರಿ. ಇದರ ಮೂರುಪಟ್ಟಿಗಿಂತ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಇಂಗಿಸುವ ಬದಲು ಮಣ್ಣು ಕೊಚ್ಚದಂತೆ ತಡೆಯುವುದೇ ಮೊದಲ ಕೆಲಸವಾದೀತು.

ಕಾರಂಜಿಯ ಪ್ರಶ್ನೆಗೆ ಮರಳಿದರೆ: ಗಾಳಿಯೂದುವ ಯಂತ್ರ ಅಥವಾ ಕಾರಂಜಿ ಮೊದಲ ಮಳೆಯ ರಾತ್ರಿ ಮೀನುಗಳನ್ನು ಉಳಿಸಬಹುದು, ಆದರೆ ಆ ರಾತ್ರಿ ವಿದ್ಯುತ್ ಇರಬೇಕು, ಸಂಜೆಯ ಅಲಂಕಾರಕ್ಕೆಂದು ಓಡಿಸಿ ಹತ್ತು ಗಂಟೆಗೆ ನಿಲ್ಲಿಸಿದರೆ ಪ್ರಯೋಜನವಿಲ್ಲ, ರಂಜಕವನ್ನು ಅದು ಕೆರೆಯಿಂದ ಹೊರಗೆ ಹಾಕಲಾರದು. ಸೂಕ್ಷ್ಮಾಣು ದ್ರಾವಣಕ್ಕೂ ಇದೇ ಮಿತಿ: ದಿನಾಲೂ ಹೊಸ ಕೊಳಚೆ ಬರುವಲ್ಲಿ ಅದನ್ನು ಸುರಿಯುತ್ತಲೇ ಇರಬೇಕು. ಹಣವಿದ್ದರೆ ಒಳಹರಿವಿನ ಬಾಯಲ್ಲಿ ಕಸ ತಡೆಯುವ ಜಾಲರಿ, ಹೂಳು ತಂಗುವ ಕುಂಟೆ, ಅದರಾಚೆ ಜೊಂಡು ಬೆಳೆಸಿದ ಜೌಗು – ಈ ಕ್ರಮದಲ್ಲಿ ಖರ್ಚು ಮಾಡಿ. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಜೌಗಿನ ಮೂಲಕ ಹಾದು ಕೆರೆಗೆ ಬರುವ ವ್ಯವಸ್ಥೆಯನ್ನು ಒಂದು ಭಾನುವಾರ ಹೋಗಿ ನೋಡಿಬನ್ನಿ. ಜೌಗಿನ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅವು ಹೀರಿದ್ದೆಲ್ಲ ಕೊಳೆತು ಮತ್ತೆ ನೀರಿಗೇ ಸೇರುತ್ತದೆಂಬುದನ್ನು ಅಲ್ಲಿ ಕೆಲಸ ಮಾಡುವವರೇ ನಿಮಗೆ ಹೇಳಿಯಾರು. ಗಣೇಶನ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿಯನ್ನೋ ತೊಟ್ಟಿಯನ್ನೋ ಗೊತ್ತುಮಾಡಿ, ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನಷ್ಟೇ ತರುವಂತೆ ಸಂಘದಲ್ಲೇ ಮೊದಲೇ ತೀರ್ಮಾನಿಸಿಕೊಳ್ಳಿ.

ದೂರು ಕೊಡುವಾಗ ಯಾರ ಕೊಳವೆ ಯಾರದೆಂದು ತಿಳಿದಿರಬೇಕು. ಒಳಚರಂಡಿ ಜಲಮಂಡಳಿಯದು, ಅದರ ಸಹಾಯವಾಣಿ 1916. ಮೋರಿ ಮತ್ತು ರಾಜಕಾಲುವೆ ಪಾಲಿಕೆಯದು. ಕೆರೆ ಯಾವ ಸಂಸ್ಥೆಯ ಸುಪರ್ದಿಯಲ್ಲಿದೆ ಎಂಬುದನ್ನು ದಾಖಲೆಯಲ್ಲೇ ನೋಡಿ ತಿಳಿಯಬೇಕು. ಮೋರಿಯಲ್ಲಿ ಕೊಳಚೆ ಕಂಡರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರುವುದು ಹಳೆಯ ಕಥೆ. ಒಣದಿನದ ದಿನಾಂಕ, ಗಂಟೆ, ಜಾಗದ ಗುರುತು ಇರುವ ಚಿತ್ರಗಳನ್ನೂ ನಿಮ್ಮ ಚುಕ್ಕಿಯ ನಕ್ಷೆಯನ್ನೂ ಲಗತ್ತಿಸಿ, ಇಬ್ಬರಿಗೂ ಒಂದೇ ಪತ್ರವನ್ನು ಬರೆದು ಜಂಟಿ ಸ್ಥಳ ಪರಿಶೀಲನೆ ಕೇಳಿದರೆ ಕೆಲಸ ಮುಂದೆ ಸಾಗುವ ಸಂಭವ ಹೆಚ್ಚು. ನಿಮ್ಮ ಮನೆಗಳ ಪಟ್ಟಿಯಲ್ಲಿ ಸರಿಪಡಿಸಿದವುಗಳ ಮುಂದೆ ಗುರುತು ಹಾಕಿರುವ ಪತ್ರಕ್ಕೆ ಬರೀ ಆಕ್ಷೇಪಣೆಯ ಪತ್ರಕ್ಕಿಂತ ಹೆಚ್ಚು ಬೆಲೆ ಸಿಗುವುದನ್ನು ನಾನು ಕಂಡಿದ್ದೇನೆ.

ಒಂದು ಮಾತನ್ನು ಮುಚ್ಚಿಡಬಾರದು. ನೀವು ಇದನ್ನೆಲ್ಲ ಈ ಬೇಸಿಗೆಯೊಳಗೆ ಮುಗಿಸಿದರೂ ಬರುವ ವರ್ಷ ಮೀನು ಮತ್ತೆ ಸಾಯಬಹುದು, ಏಕೆಂದರೆ ಹಲವು ವರ್ಷಗಳ ಕೊಳೆ ಕೆರೆಯ ತಳದಲ್ಲಿ ಹೂಳಾಗಿ ಕೂತಿದೆ, ಹೊಸ ಕೊಳಚೆ ನಿಂತರೂ ಅದು ಕೆಲವು ಮಳೆಗಾಲ ತನ್ನ ಹೊಟ್ಟೆಯಲ್ಲಿದ್ದುದನ್ನು ಕಕ್ಕುತ್ತಿರುತ್ತದೆ. ಆದ್ದರಿಂದ ಮೀನಿನ ಸಾವನ್ನೊಂದೇ ಅಳತೆಗೋಲಾಗಿ ಹಿಡಿಯಬೇಡಿ. ಕರಗಿದ ಆಮ್ಲಜನಕವನ್ನು ಅಳೆಯುವ ಸಣ್ಣ ಪೆಟ್ಟಿಗೆ ಪ್ರಯೋಗಾಲಯ ಸಾಮಗ್ರಿ ಮಾರುವವರ ಬಳಿ ಸಿಗುತ್ತದೆ; ಶಾಲೆಯ ವಿಜ್ಞಾನ ಶಿಕ್ಷಕರೊಬ್ಬರ ನೆರವಿದ್ದರೆ ಬಳಸುವುದು ಸುಲಭ. ವಾರಕ್ಕೊಮ್ಮೆ, ಸೂರ್ಯ ಹುಟ್ಟುವ ಹೊತ್ತಿಗೆ, ಒಳಹರಿವಿನ ಬಾಯಲ್ಲೊಂದು ಮತ್ತು ಕೋಡಿಯ ಬಳಿಯೊಂದು ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಡಿ. ಮಧ್ಯಾಹ್ನದ ಅಳತೆ ಪಾಚಿಯ ಕೃಪೆಯಿಂದ ಯಾವಾಗಲೂ ಚೆನ್ನಾಗಿಯೇ ಕಾಣುವುದರಿಂದ ಅದನ್ನು ನಂಬಬಾರದು. ಬೆಳಗಿನ ಅಂಕಿ ಮಾರ್ಚ್‌ನಲ್ಲೂ 4ರ ಕೆಳಗೆ ಇಳಿಯದೆ ನಿಂತ ವರ್ಷ, ಕಾರಂಜಿ ಬೇಕೇ ಬೇಡವೇ ಎಂದು ಸಂಘದ ಸಭೆಯಲ್ಲಿ ಮತ್ತೆ ಚರ್ಚಿಸಬಹುದು.